ಪರಸ್ಥಳದಲ್ಲಿ ನಮ್ಮ ಪತ್ತು

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂದರ್ಭದಲ್ಲಿ ಸಾಹಿತ್ಯದ ಮಾತು ಸಲ್ಲುತ್ತದೆ, ಸಂಗೀತ ಸಲ್ಲುತ್ತದೆ. ಸಾಲದ ಮಾತು ಸಲ್ಲುವುದೇ ಎಂದು ನಮಗೆ ಸಂಕೋಚವಿತ್ತು. ಕಾರ್ಯದರ್ಶಿಗಳು ಬಿಡಲಿಲ್ಲ. "ಸಾಹಿತ್ಯದ ಮೇಲೆ ಮಾತನಾಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಸಿಬಿಲ್ ಎಂದರೇನೆಂದು ಕನ್ನಡದಲ್ಲಿ ಹೇಳುವವರೇ ಸಿಗುವುದಿಲ್ಲ" ಎಂದರು. ನಾವು ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತಗಿರಿಗೆ ಸೇರಿದವರು. ಸಾಲದ ಅರ್ಜಿಗಳ ಕಟ್ಟನ್ನು ಬಿಚ್ಚುವುದು, ಮತ್ತೆ ಕಟ್ಟುವುದು, ಇದೇ ನಮ್ಮ ಕಸುಬು. ಆ ಕಟ್ಟುಗಳ ನಡುವೆ ನಮ್ಮ ಕಣ್ಣಿಗೆ ಬಿದ್ದದ್ದನ್ನು ಹೇಳುತ್ತೇವೆ. ಅರ್ಥಶಾಸ್ತ್ರದ ಉಪನ್ಯಾಸವನ್ನು ತಾವು ನಿರೀಕ್ಷಿಸಬಾರದು.

'ಪತ್ತು' ಎಂಬ ಮಾತು ತಮಗೆಲ್ಲ ತಿಳಿದದ್ದೇ. ಊರಿನ ಪತ್ತಿನ ಸಹಕಾರ ಸಂಘದ ಹಲಗೆಯ ಮೇಲೆ ಅದನ್ನು ನೋಡಿಯೇ ನಾವು ಅಕ್ಷರ ಕಲಿತವರು. ಪತ್ತು ಎಂದರೆ ಹಣವಲ್ಲ. ಹಣ ಹಿಂದಿರುಗಿ ಬರುವುದೆಂಬ ನಂಬಿಕೆ. ಊರಿನಲ್ಲಿ ಈ ನಂಬಿಕೆಗೆ ಕಾಗದಪತ್ರ ಬೇಕಾಗಿರಲಿಲ್ಲ. ಅಂಗಡಿಯ ಶೆಟ್ಟರು ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳುವಾಗ ತಲೆಯೆತ್ತಿ ಮುಖ ನೋಡಿದರೆ ಸಾಕು. ಇವನು ಯಾರ ಮಗ, ಇವನ ಅಜ್ಜ ವಾಯಿದೆಗೆ ಸರಿಯಾಗಿ ಕೊಡುತ್ತಿದ್ದನೇ ಇಲ್ಲವೇ, ಎಲ್ಲವೂ ಅವರ ಮನಸ್ಸಿನಲ್ಲಿತ್ತು. ನಮ್ಮ ಕರಾವಳಿಯ ಬ್ಯಾಂಕುಗಳು ಬೆಳೆದದ್ದೂ ಇಂಥ ಮುಖಪರಿಚಯದ ಮೇಲೆಯೇ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನು ಏಜೆಂಟನು ಮನೆಬಾಗಿಲಿಗೇ ಬಂದು ಕೊಂಡೊಯ್ಯುತ್ತಿದ್ದನು. ಯಾವ ಮನೆಯಲ್ಲಿ ಎರಡಾಣೆಗೆ ತಪ್ಪಿಲ್ಲ, ಯಾವ ಮನೆಯಲ್ಲಿ ನಾಳೆ ಬಾ ಎನ್ನುತ್ತಾರೆ ಎಂಬುದು ಅವನಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿರಲಾರದು.

ಆದರೆ ಮುಂಬಯಿಗೆ ಬಂದಿಳಿದವನ ಅಜ್ಜ ಯಾರೆಂದು ಇಲ್ಲಿ ಯಾರಿಗೆ ಗೊತ್ತು? ಊರಿನಲ್ಲಿ ಮೂರು ತಲೆಮಾರು ಗಳಿಸಿದ ಪತ್ತು ಬಸ್ಸಿನಲ್ಲಿ ನಮ್ಮೊಡನೆ ಬರುವುದಿಲ್ಲ. ಇಲ್ಲಿ ಅದನ್ನು ಮೊದಲಿನಿಂದ ಸಂಪಾದಿಸಬೇಕು. ನಾವು ಯಾರೆಂದು ತಿಳಿಯದ ಅಧಿಕಾರಿಯ ಮುಂದೆ, ನಮ್ಮ ಪರವಾಗಿಯೋ ವಿರುದ್ಧವಾಗಿಯೋ ಮಾತನಾಡುವ ಕಾಗದ ಒಂದೇ ಒಂದು. ಅದೇ ಸಾಲದ ವರದಿ. ಅದರ ತಲೆಯ ಮೇಲೆ ಬರೆದ ಅಂಕಿಗೆ ಕ್ರೆಡಿಟ್ ಸ್ಕೋರ್ ಎಂದು ಹೆಸರು.

ಜನರು ಇದನ್ನು ಸಿಬಿಲ್ ಎಂದೇ ಕರೆಯುತ್ತಾರೆ. ಸಿಬಿಲ್ ಎಂಬುದು 2000ನೆಯ ಇಸವಿಯಲ್ಲಿ ಸ್ಥಾಪಿತವಾದ ಸಂಸ್ಥೆಯ ಹೆಸರು. ಅದೀಗ ಟ್ರಾನ್ಸ್‌ಯೂನಿಯನ್ ಸಿಬಿಲ್ ಎನಿಸಿಕೊಂಡಿದೆ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂದು ಇನ್ನೂ ಮೂರು ಇವೆ. 2005ರ ಒಂದು ಕಾಯಿದೆಯ ಪ್ರಕಾರ, ರಿಸರ್ವ್ ಬ್ಯಾಂಕಿನ ಮೇಲ್ವಿಚಾರಣೆಯಲ್ಲಿ ಇವು ನಡೆಯುತ್ತವೆ. ಬ್ಯಾಂಕುಗಳು, ಸಾಲದ ಕಂಪನಿಗಳು ತಮ್ಮ ಪ್ರತಿಯೊಬ್ಬ ಸಾಲಗಾರನ ಲೆಕ್ಕವನ್ನು ಇವಕ್ಕೆ ಕಳುಹಿಸಬೇಕು. ಮೊದಲು ಇದು ತಿಂಗಳಿಗೊಮ್ಮೆ ನಡೆಯುತ್ತಿತ್ತು. 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆಯಾದರೂ ಕಳುಹಿಸಬೇಕೆಂದು ಆಜ್ಞೆಯಾಯಿತು. ಅಂಕಿ 300ರಿಂದ 900ರವರೆಗೆ. 750ರ ಮೇಲಿದ್ದರೆ ಬ್ಯಾಂಕಿನವರ ಮುಖದಲ್ಲಿ ನಗೆ ಮೂಡುತ್ತದೆ. ಕೆಳಗಿಳಿದಂತೆ ಪ್ರಶ್ನೆಗಳು ಹೆಚ್ಚುತ್ತವೆ. ಒಂದು ಮಾತು ಸ್ಪಷ್ಟವಾಗಿರಲಿ: ಸಾಲ ಕೊಡುವುದು, ಬಿಡುವುದು ಬ್ಯಾಂಕಿನ ತೀರ್ಮಾನ. ಈ ಸಂಸ್ಥೆಗಳು ಬರಿಯ ಗುಮಾಸ್ತರು, ನಮ್ಮ ಹಾಗೆಯೇ.

ಈ ಅಂಕಿಯಿಂದ ನಷ್ಟವೇನು, ಲಾಭವೇನು ಎಂದು ಕೇಳಬಹುದು. ಮೂವತ್ತು ಲಕ್ಷ ರೂಪಾಯಿಯ ಗೃಹಸಾಲವನ್ನು ಇಪ್ಪತ್ತು ವರ್ಷಕ್ಕೆ ತೆಗೆದುಕೊಂಡಿರೆಂದು ಇಟ್ಟುಕೊಳ್ಳೋಣ. ಬಡ್ಡಿ ನೂರಕ್ಕೆ ಎಂಟೂವರೆಯಾದರೆ ತಿಂಗಳ ಕಂತು ಸುಮಾರು 26,035 ರೂಪಾಯಿ. ಒಂಬತ್ತಾದರೆ 26,992. ಅಂತರ ತಿಂಗಳಿಗೆ ಸಾವಿರಕ್ಕೂ ಕಡಿಮೆ, ಅಷ್ಟೇ ತಾನೇ ಎನಿಸುತ್ತದೆ. ಇಪ್ಪತ್ತು ವರ್ಷಕ್ಕೆ ಕೂಡಿಸಿದರೆ ಎರಡು ಲಕ್ಷ ಮೂವತ್ತು ಸಾವಿರದ ಹತ್ತಿರ ಬರುತ್ತದೆ. ಹಲವು ಬ್ಯಾಂಕುಗಳು ಇಂದು ಈ ಅಂಕಿಯನ್ನು ನೋಡಿಯೇ ಬಡ್ಡಿಯ ದರವನ್ನು ಗೊತ್ತುಪಡಿಸುತ್ತವೆ. ಅದೇ ಮನೆ, ಅದೇ ಸಂಬಳ, ಅದೇ ಬ್ಯಾಂಕು. ಒಬ್ಬನಿಗೆ ಒಂದು ದರ, ಪಕ್ಕದವನಿಗೆ ಇನ್ನೊಂದು.

ಅಂಕಿಯನ್ನು ಹೇಗೆ ಗಣಿಸುತ್ತಾರೆಂಬ ಪೂರ್ಣ ಸೂತ್ರವನ್ನು ಆ ಸಂಸ್ಥೆಗಳು ಹೊರಗೆಡಹುವುದಿಲ್ಲ. ಆದರೆ ಏನನ್ನು ನೋಡುತ್ತಾರೆಂಬುದು ಗುಟ್ಟಲ್ಲ. ಕಂತುಗಳು ವಾಯಿದೆಗೆ ಸರಿಯಾಗಿ ಬಂದವೇ ಎಂಬುದೇ ಮೊದಲನೆಯದು, ಉಳಿದವೆಲ್ಲ ಅದರ ಹಿಂದೆ. ವರದಿಯಲ್ಲಿ ಪ್ರತಿಯೊಂದು ಸಾಲದ ಕೆಳಗೂ ಮೂವತ್ತಾರು ತಿಂಗಳ ಚೌಕಗಳಿರುತ್ತವೆ. ಎಷ್ಟು ದಿನ ತಡವಾಯಿತೆಂಬುದನ್ನು ತಿಂಗಳು ತಿಂಗಳಿಗೆ ಬರೆದಿರುತ್ತಾರೆ. ಸೊನ್ನೆಗಳ ಸಾಲೇ ಅಲ್ಲಿಯ ಭೂಷಣ. ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಅಳುವ ನಾವು ಇಲ್ಲಿ ಸೊನ್ನೆಗಾಗಿ ಹರಕೆ ಹೊರಬೇಕು! ತೊಂಬತ್ತು ದಿನ ದಾಟಿದ ಸಾಲವನ್ನು ಬ್ಯಾಂಕು ಕೆಟ್ಟ ಸಾಲವೆಂದೇ ಎಣಿಸುತ್ತದೆ.

ನಮ್ಮ ಜನ ಸಾಮಾನ್ಯವಾಗಿ ಸ್ವಂತ ಕಂತಿಗೆ ತಪ್ಪುವವರಲ್ಲ. ನಾವು ಕಂಡಂತೆ ನಮ್ಮವರ ಪತ್ತು ಕೆಡುವುದು ಬೇರೆಯ ಬಾಗಿಲಿನಿಂದ. ಅದು ಜಾಮೀನು.

ಊರಿನವನೊಬ್ಬ ಬರುತ್ತಾನೆ. "ಅಣ್ಣಾ, ಟೆಂಪೋ ತೆಗೆದುಕೊಳ್ಳುತ್ತಿದ್ದೇನೆ, ಒಂದು ರುಜು ಹಾಕಿಬಿಡಿ, ಬರಿಯ ಶಾಸ್ತ್ರಕ್ಕೆ" ಎನ್ನುತ್ತಾನೆ. ಚಹಾ ಕುಡಿಯುತ್ತ ರುಜು ಹಾಕುತ್ತೇವೆ. ಪರಸ್ಥಳದಲ್ಲಿ ನಮ್ಮವರಿಗೆ ನಾವಲ್ಲದೆ ಮತ್ತಾರು? ಮಾತು ನಿಜ. ಆದರೆ 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇದೆ. ಬೇರೆ ಕರಾರಿಲ್ಲದಿದ್ದರೆ ಒಂದು ಕಾಸೂ ಕಡಿಮೆಯಿಲ್ಲ. ಆ ಸಾಲ ಜಾಮೀನುದಾರನ ವರದಿಯಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಡೊಂಬಿವಲಿಯಲ್ಲಿ ವಾಸವಾಗಿರುವ ನಮ್ಮವರೊಬ್ಬರು ಹದಿನೆಂಟು ವರ್ಷ ಬಾಡಿಗೆ ಮನೆಯಲ್ಲಿದ್ದು, ಹೆಂಡತಿಯ ಬಳೆಗಳನ್ನೂ ಕೂಡಿಸಿ, ಒಂದು ಚಿಕ್ಕ ಫ್ಲ್ಯಾಟಿಗೆ ಮುಂಗಡ ಕೊಟ್ಟರು. ಸಂಬಳವಿತ್ತು, ಕಾಗದಗಳಿದ್ದವು. ಗೃಹಸಾಲದ ಅರ್ಜಿ ಮಾತ್ರ ಹಿಂದಕ್ಕೆ ಬಂತು. ಆರು ವರ್ಷದ ಹಿಂದೆ ಹಾಕಿದ ಒಂದು ಜಾಮೀನಿನ ರುಜು ವರದಿಯಲ್ಲಿ ಕೂತಿತ್ತು. ಟೆಂಪೋ ಕೊಂಡವನು ಏಳು ಕಂತು ಬಾಕಿ ನಿಲ್ಲಿಸಿ ಊರಿಗೆ ಹೋಗಿದ್ದನು. ಇವರಿಗೆ ಅದರ ಸುಳಿವೂ ಇರಲಿಲ್ಲ. ಆ ಏಳು ಕಂತನ್ನು ಇವರೇ ಕಟ್ಟಿದರು. ಲೆಕ್ಕ ಸರಿಹೋಗಿ, ವರದಿ ಸುಧಾರಿಸಿ, ಮತ್ತೆ ಅರ್ಜಿ ಹಾಕುವಷ್ಟರಲ್ಲಿ ಫ್ಲ್ಯಾಟು ಬೇರೆಯವರ ಪಾಲಾಗಿತ್ತು. ಮುಂಗಡದಲ್ಲಿ ಅರ್ಧ ಮಾತ್ರ ಕೈಗೆ ಬಂತು. ಅವರು ಈಗಲೂ ಬಾಡಿಗೆ ಮನೆಯಲ್ಲಿಯೇ ಇದ್ದಾರೆ. ಟೆಂಪೋದವನ ಮೇಲೆ ಒಂದು ಕೆಟ್ಟ ಮಾತನ್ನೂ ಅವರು ಆಡಲಿಲ್ಲವೆಂಬುದು ನಮಗೆ ಇನ್ನೂ ಆಶ್ಚರ್ಯ.

ಜಾಮೀನು ನಿಲ್ಲಲೇಬಾರದೆಂದು ಹೇಳುವಷ್ಟು ಕಠಿಣರು ನಾವಲ್ಲ. ಹಾಗೆ ಹೇಳಿದರೆ ಈ ಸಂಘವೇ ಉಳಿಯಲಾರದು. ಆದರೆ ರುಜು ಹಾಕುವ ಮೊದಲು ಈ ಸಾಲವನ್ನು ನಾವೇ ತೀರಿಸಬೇಕಾಗಿ ಬಂದರೆ ತೀರಿಸಬಲ್ಲೆವೇ ಎಂದು ಮನೆಯವರೊಡನೆ ಕೂತು ಲೆಕ್ಕ ಹಾಕಬೇಕು. ಹಾಕಿದ ಮೇಲೆ ಕಂತು ಸಲ್ಲುತ್ತಿದೆಯೇ ಎಂದು ಆಗಾಗ ವಿಚಾರಿಸಬೇಕು. ಹಾಗೆ ವಿಚಾರಿಸುವುದು ಅಪನಂಬಿಕೆಯಲ್ಲ. ಮಕ್ಕಳ ವಿದ್ಯಾಭ್ಯಾಸದ ಸಾಲಕ್ಕೂ ಇದೇ ಮಾತು. ಅಲ್ಲಿ ತಂದೆಯೋ ತಾಯಿಯೋ ಸಹಸಾಲಗಾರರಾಗಿರುತ್ತಾರೆ. ಮಗ ಬೆಂಗಳೂರಿನಲ್ಲಿ ಕಂತು ಮರೆತರೆ ಮುಂಬಯಿಯಲ್ಲಿ ತಂದೆಯ ಅಂಕಿ ಇಳಿಯುತ್ತದೆ.

ಊರಿನ ಜಮೀನಿನ ಸಂಗತಿಯೂ ಇದೆ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿರುತ್ತದೆ. ಬೆಳೆಸಾಲಕ್ಕೆ ಎಲ್ಲರ ರುಜು. ಊರಿನಲ್ಲಿರುವ ಅಣ್ಣನು ಮಳೆಯಿಲ್ಲದ ವರ್ಷ ಕಟ್ಟಲಾರದೆ ಸುಮ್ಮನಿರುತ್ತಾನೆ. 2018ರಲ್ಲಿ ಕರ್ನಾಟಕ ಸರಕಾರ ಬೆಳೆಸಾಲದ ಮನ್ನಾವನ್ನು ಘೋಷಿಸಿದಾಗ, ಹೇಗೂ ಮನ್ನಾ ಆಗುವುದೆಂದು ಕಟ್ಟುವುದನ್ನು ನಿಲ್ಲಿಸಿದವರಿದ್ದರು. ಸರಕಾರದ ಹಣ ಬರುವವರೆಗಿನ ತಡವೆಲ್ಲ ಸಾಲಗಾರರ ಲೆಕ್ಕಕ್ಕೇ ತಡ. ರೈತನ ಕಷ್ಟವನ್ನು ಅರಿಯದೆ ಹೀಗೆ ಹೇಳುತ್ತಿಲ್ಲ. ಪರಸ್ಥಳದಲ್ಲಿರುವ ತಮ್ಮನಿಗೆ ಅಣ್ಣನು ಒಂದು ಮಾತು ತಿಳಿಸಿದ್ದರೆ ಆಗುತ್ತಿತ್ತು, ಅಷ್ಟೇ.

ಇನ್ನು ಹೆಸರಿನ ಗೋಜಲು. ಇದು ಕನ್ನಡಿಗರಿಗೇ ವಿಶೇಷವಾಗಿ ಅಂಟಿಕೊಂಡದ್ದು. ಹಳೆಯ ಮೈಸೂರಿನ ಕಡೆಯವರಿಗೆ ಅಡ್ಡಹೆಸರೇ ಇಲ್ಲ. ಊರಿನ ಅಕ್ಷರ ಒಂದು, ತಂದೆಯ ಅಕ್ಷರ ಒಂದು, ಆಮೇಲೆ ಸ್ವಂತ ಹೆಸರು. ಮುಂಬಯಿಯ ಅರ್ಜಿಯಲ್ಲಿ ಮೂರು ಮನೆಗಳು: ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು. ಹೊಳೆನರಸೀಪುರವು ಒಬ್ಬರ ಕುಲನಾಮವಾಗಿ ಕೂತದ್ದನ್ನು ನಾವು ಕಂಡಿದ್ದೇವೆ. ಧಾರವಾಡ, ಬಿಜಾಪುರದ ಕಡೆಯವರಿಗೆ ಪಾಟೀಲ, ಕುಲಕರ್ಣಿ ಎಂದು ಅಡ್ಡಹೆಸರುಂಟು. ಆದರೆ ಅದೇ ಹೆಸರಿನ ಮರಾಠಿಗರು ಇಲ್ಲಿ ಬೀದಿಗೆ ಹತ್ತು ಮಂದಿ. ಕರಾವಳಿಯ ಶೆಟ್ಟಿ, ಪೂಜಾರಿಗಳ ಪಾಡೂ ಹೀಗೆಯೇ. ಹೆಣ್ಣುಮಕ್ಕಳದು ಇನ್ನೊಂದು ಬಗೆ. ಮದುವೆಗೆ ಮೊದಲು ಒಂದು ಹೆಸರು. ಮದುವೆಯಾದ ಮೇಲೆ ಇಲ್ಲಿಯ ಪದ್ಧತಿಯಂತೆ ನಡುವೆ ಗಂಡನ ಹೆಸರು.

ವರದಿ ಬರೆಯುವ ಯಂತ್ರವು ಹೆಸರು, ಹುಟ್ಟಿದ ದಿನಾಂಕ, ಪ್ಯಾನ್ ನಂಬರು, ಟೆಲಿಫೋನು, ವಿಳಾಸಗಳನ್ನು ಹೊಂದಿಸಿ ನೋಡಿ, ಇದು ಇವರದೇ ಸಾಲವೆಂದು ತೀರ್ಮಾನಿಸುತ್ತದೆ. ಒಂದೊಂದು ಕಡೆ ಒಂದೊಂದು ಬಗೆಯಲ್ಲಿ ಹೆಸರು ಕೊಟ್ಟರೆ ನಿಮ್ಮ ಒಳ್ಳೆಯ ಲೆಕ್ಕ ನಿಮ್ಮ ವರದಿಗೆ ಸೇರದೆ ಹೋದೀತು. ಇನ್ನಾರದೋ ಕೆಟ್ಟ ಲೆಕ್ಕ ಬಂದು ಸೇರೀತು. ಆದುದರಿಂದ ಪ್ಯಾನ್, ಆಧಾರ್, ಬ್ಯಾಂಕಿನ ಖಾತೆ ಈ ಮೂರರಲ್ಲಿಯೂ ಹೆಸರು ಒಂದೇ ರೀತಿಯಲ್ಲಿರಬೇಕು. ಬಾಡಿಗೆ ಮನೆ ಬದಲಾಯಿಸಿದಾಗ ಹಾಲಿನವನಿಗೆ ಹೇಳುವಂತೆ ಬ್ಯಾಂಕಿಗೂ ಹೇಳಬೇಕು. ನಂಬರು ಬದಲಾಯಿಸಿದರೂ ಅಷ್ಟೇ. ನಿಮ್ಮ ವರದಿಯನ್ನು ಯಾವ ಬ್ಯಾಂಕಾದರೂ ತರಿಸಿ ನೋಡಿದರೆ ನಿಮಗೆ ಸಂದೇಶ ಬರತಕ್ಕದ್ದೆಂಬ ನಿಯಮ ಈಗ ಇದೆ. ಹಳೆಯ ನಂಬರಿಗೆ ಬಂದ ಸಂದೇಶದಿಂದ ಪ್ರಯೋಜನವೇನು?

ನಮ್ಮ ಕಡೆಯ ಬ್ಯಾಂಕುಗಳಲ್ಲಿ ಸಾಲವಿದ್ದವರು ಇನ್ನೊಂದನ್ನೂ ಗಮನಿಸಬೇಕು. ವಿಜಯಾ ಬ್ಯಾಂಕು 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಆಗ ತೀರದೆ ಉಳಿದಿದ್ದ ಸಾಲ ಹೊಸ ಬ್ಯಾಂಕಿನ ಹೆಸರಿನಲ್ಲಿ ಸರಿಯಾಗಿ ಬಂದಿದೆಯೇ, ಎರಡು ಕಡೆ ಕಾಣುತ್ತಿಲ್ಲವಷ್ಟೇ ಎಂದು ನೋಡಿಕೊಳ್ಳುವುದು ಲೇಸು.

ಈಗ ಎರಡು ಶಬ್ದಗಳ ವಿಚಾರ: ಚುಕ್ತಾ ಮತ್ತು ರಾಜಿ. ಸಾಲ ಪೂರ್ತಿ ತೀರಿದರೆ ಚುಕ್ತಾ. ತೀರಿಸಲಾರದೆ ಕೂತಾಗ ಸಾಲ ಕೊಟ್ಟವರ ಕಡೆಯಿಂದ ಟೆಲಿಫೋನು ಬರುತ್ತದೆ. "ಎಂಬತ್ತು ಸಾವಿರದ ಬದಲು ಮೂವತ್ತೈದು ಕೊಡಿ, ಮುಗಿಸಿಬಿಡೋಣ" ಎನ್ನುತ್ತಾರೆ. ನಲವತ್ತೈದು ಸಾವಿರ ಉಳಿಯಿತೆಂದು ಮನೆಯವರೆಲ್ಲ ಸಂತೋಷಪಡುತ್ತಾರೆ. ವರದಿಯಲ್ಲಿ ಮಾತ್ರ ಆ ಸಾಲದ ಎದುರು 'ಸೆಟಲ್ಡ್' ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಈ ಮಾತು ಕೇಳಲು ಬಹಳ ಮರ್ಯಾದಸ್ಥವಾಗಿದೆ. ಓದುವ ಬ್ಯಾಂಕಿನವನಿಗೆ ಅದರ ಅರ್ಥ, ಇವರು ಪೂರ್ತಿ ಕೊಡಲಿಲ್ಲ ಎಂದು. ವರ್ಷಗಟ್ಟಲೆ ಅದು ಅಲ್ಲಿಂದ ಕದಲುವುದಿಲ್ಲ. ನಿಜವಾಗಿಯೂ ಗತಿಯಿಲ್ಲದವರಿಗೆ ರಾಜಿ ಬೇಕಾದೀತು, ಅದನ್ನು ಹೀನವೆನ್ನಲಾಗದು. ಆದರೆ ಕೈಯಲ್ಲಿ ಹಣವಿದ್ದು ರಾಜಿಗೆ ಒಪ್ಪುವುದು ಲಾಭವಲ್ಲ. ಹಿಂದೆ ರಾಜಿ ಮಾಡಿಕೊಂಡವರು ಬಿಟ್ಟ ಬಾಕಿಯನ್ನು ಈಗ ಕಟ್ಟಿ, ಲೆಕ್ಕವನ್ನು ಚುಕ್ತಾ ಎಂದು ಬರೆಸಲು ಅವಕಾಶ ಕೇಳಬಹುದು. ಯಾವ ಸಾಲ ತೀರಿದರೂ ಬಾಕಿಯಿಲ್ಲವೆಂಬ ಪತ್ರವನ್ನು ಪಡೆದು ಕಪಾಟಿನಲ್ಲಿಡಿ. ಮನೆಯ ಅಡಮಾನದ ಪತ್ರಗಳನ್ನು ಸಾಲ ತೀರಿದ ಮೂವತ್ತು ದಿನದೊಳಗೆ ಹಿಂದಿರುಗಿಸದಿದ್ದರೆ, ತಮ್ಮ ತಪ್ಪಿನಿಂದಾದ ತಡಕ್ಕೆ ಬ್ಯಾಂಕಿನವರು ದಿನಕ್ಕೆ ಐದು ಸಾವಿರ ರೂಪಾಯಿ ಕೊಡಬೇಕೆಂದು 2023ರ ಡಿಸೆಂಬರಿನಿಂದ ನಿಯಮವಿದೆ.

ಕ್ರೆಡಿಟ್ ಕಾರ್ಡಿನ ವಿಷಯ ಎಲ್ಲರೂ ಹೇಳುತ್ತಾರೆ. ನಾವು ಸ್ವಲ್ಪದರಲ್ಲಿ ಮುಗಿಸುತ್ತೇವೆ. ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಎಂದು ಬರೆದಿರುತ್ತದೆ. ನಲವತ್ತು ಸಾವಿರದ ಬಾಕಿಗೆ ಅದು ಎರಡು ಸಾವಿರವೆಂದು ಇಟ್ಟುಕೊಳ್ಳಿ. ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಬಡ್ಡಿಯೇ 1,400, ಅದರ ಮೇಲೆ ನೂರಕ್ಕೆ ಹದಿನೆಂಟರ ತೆರಿಗೆ 252. ಎರಡು ಸಾವಿರ ಕಟ್ಟಿದವರ ಅಸಲಿನಲ್ಲಿ ಇಳಿದದ್ದು 348 ರೂಪಾಯಿ! ಕನಿಷ್ಠ ಮೊತ್ತ ಕಟ್ಟಿದರೆ ತಡವೆಂದು ಬರೆಯುವುದಿಲ್ಲ, ನಿಜ; ಆದರೆ ಬಾಕಿ ಬೆಟ್ಟದಂತೆ ನಿಂತಿರುವುದನ್ನು ವರದಿ ಮುಚ್ಚಿಡುವುದಿಲ್ಲ. ಕಾರ್ಡಿನ ಮಿತಿ ಲಕ್ಷವಿದ್ದರೆ ಮೂವತ್ತು ಸಾವಿರದೊಳಗೆ ಇರುವುದು ಒಳ್ಳೆಯ ವಾಡಿಕೆ. ಮದುವೆಯ ತಿಂಗಳು ಹೆಚ್ಚಾದರೆ, ಬಿಲ್ಲು ಹೊರಡುವ ದಿನಕ್ಕೆ ಮೊದಲೇ ಒಂದಿಷ್ಟು ಕಟ್ಟಿಬಿಡಬಹುದು. ಬಳಸದ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಮರೆತರೆ ವಾರ್ಷಿಕ ಶುಲ್ಕವೇ ಬಾಕಿಯಾಗಿ ಬೆಳೆಯುತ್ತದೆ. ಐನೂರು ರೂಪಾಯಿಯ ಶುಲ್ಕ ಮನೆಸಾಲವನ್ನು ತಡೆದದ್ದು ಕಟ್ಟುಕಥೆಯಲ್ಲ. ಮೊಬೈಲಿನಲ್ಲಿ 'ಈಗ ಕೊಳ್ಳಿ, ಆಮೇಲೆ ಕೊಡಿ' ಎನ್ನುವ ಚಿಲ್ಲರೆ ಉದ್ರಿಯೂ ಎಷ್ಟೋ ವೇಳೆ ಸಾಲವೆಂದೇ ದಾಖಲಾಗುತ್ತದೆಂದು ಮಕ್ಕಳಿಗೆ ಹೇಳಿಡಿ.

ನಮ್ಮಲ್ಲಿ ಇನ್ನೊಂದು ಪಂಗಡವಿದೆ. "ನಾವು ಜನ್ಮದಲ್ಲಿ ಸಾಲ ಮಾಡಿದವರಲ್ಲ" ಎಂದು ಎದೆಯುಬ್ಬಿಸುವವರು. ನಮಗೆ ಅವರಲ್ಲಿ ಬಹಳ ಗೌರವ. ಆದರೆ ಸಾಲ ಮಾಡದವನ ವಿಷಯದಲ್ಲಿ ವರದಿ ಮೂಕವಾಗಿರುತ್ತದೆ. ಅಂಕಿಯೇ ಇರುವುದಿಲ್ಲ. ಉಳಿತಾಯ ಖಾತೆಯಲ್ಲಿ ಎಷ್ಟಿದೆ, ಸಂಬಳ ಎಷ್ಟು, ಚೀಟಿಯ ಹಣವನ್ನು ಎಷ್ಟು ನಿಯತ್ತಾಗಿ ಕಟ್ಟಿದಿರಿ, ಇದಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ಹಿಂದಿನ ಸಾಲದ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಲದ ಅರ್ಜಿಯನ್ನು ತಳ್ಳಿಹಾಕಕೂಡದೆಂದು ರಿಸರ್ವ್ ಬ್ಯಾಂಕು ಸೂಚಿಸಿದೆ. 2025ರ ಆಗಸ್ಟಿನಲ್ಲಿ ಸರಕಾರವೂ ಲೋಕಸಭೆಯಲ್ಲಿ ಇದನ್ನು ಹೇಳಿತು. ಆದರೂ ಗೃಹಸಾಲದ ಯೋಚನೆಯಿರುವವರು ಒಂದೆರಡು ವರ್ಷ ಮೊದಲೇ ಚಿಕ್ಕದೊಂದು ಲೆಕ್ಕ ತೆರೆದಿಟ್ಟರೆ ಅನುಕೂಲ. ಇಪ್ಪತ್ತು ಸಾವಿರದ ಠೇವಣಿಯ ಆಧಾರದ ಮೇಲೆ ಕಾರ್ಡು ಕೊಡುವ ಬ್ಯಾಂಕುಗಳಿವೆ. ತಿಂಗಳ ದಿನಸಿಯನ್ನು ಅದರಲ್ಲಿ ಕೊಂಡು, ಬಿಲ್ಲು ಬಂದೊಡನೆ ಪೂರ್ತಿ ತೀರಿಸಿದರೆ ಬಡ್ಡಿಯೂ ಇಲ್ಲ, ಚರಿತ್ರೆಯೂ ಬೆಳೆಯುತ್ತದೆ. ಗೃಹಿಣಿಯರ ಹೆಸರಿನಲ್ಲಿಯೂ ಹೀಗೊಂದು ಲೆಕ್ಕವಿರುವುದು ಬಹಳ ಅಗತ್ಯ. ಗಂಡನ ಹೆಸರಿನಲ್ಲೇ ಎಲ್ಲವೂ ಇದ್ದು, ಅವನಿಲ್ಲದ ದಿನ ಬ್ಯಾಂಕಿಗೆ ಅಪರಿಚಿತಳಾಗಿ ನಿಂತ ಹೆಣ್ಣುಮಕ್ಕಳನ್ನು ನಾವು ಕೌಂಟರಿನಲ್ಲಿ ಕಂಡಿದ್ದೇವೆ.

ಸಾಲ ಬೇಕಾದಾಗ ಆರು ಬ್ಯಾಂಕಿಗೆ ಒಟ್ಟಿಗೆ ಅರ್ಜಿ ಹಾಕಬೇಡಿ. ಪ್ರತಿಯೊಂದು ವಿಚಾರಣೆಯೂ ದಾಖಲಾಗಿ, ಇವರು ಹಣಕ್ಕಾಗಿ ಪರದಾಡುತ್ತಿದ್ದಾರೆಂಬ ಭಾವನೆ ಬರುತ್ತದೆ. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಅಂಕಿ ಇಳಿಯುವುದಿಲ್ಲ. ಈ ಭಯದಿಂದ ನೋಡದೇ ಇರುವವರು ಬಹಳ. 2017ರಿಂದ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೆ ಒಂದರಂತೆ ತರಿಸಿದರೆ ವರ್ಷವಿಡೀ ಕಣ್ಣಿಟ್ಟಂತಾಯಿತು.

ತಪ್ಪು ಕಂಡರೆ ಆ ಸಂಸ್ಥೆಗೂ ಸಾಲ ಕೊಟ್ಟ ಬ್ಯಾಂಕಿಗೂ ದೂರು ಬರೆಯಿರಿ. ಬ್ಯಾಂಕು ಒಪ್ಪದೆ ಸಂಸ್ಥೆ ತಾನಾಗಿ ತಿದ್ದುವಂತಿಲ್ಲ. ಮೂವತ್ತು ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ ನೂರು ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಅಲ್ಲಿಯೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಐದು ಸಾವಿರ ಕೊಟ್ಟರೆ ಒಂದೇ ವಾರದಲ್ಲಿ ಅಂಕಿ ಏರಿಸುತ್ತೇವೆನ್ನುವವರ ಜಾಹೀರಾತನ್ನು ರೈಲಿನ ಡಬ್ಬಿಯಲ್ಲಿ ಕಂಡರೆ ಕಣ್ಣು ಬೇರೆಡೆ ತಿರುಗಿಸಿ. ಸರಿಯಾಗಿ ಬರೆದ ಕೆಟ್ಟ ಲೆಕ್ಕವನ್ನು ಯಾರೂ ಅಳಿಸಲಾರರು. ವಾಯಿದೆ ತಪ್ಪದ ತಿಂಗಳುಗಳೇ ಅದನ್ನು ಹಿಂದಕ್ಕೆ ಸರಿಸಬೇಕು.

ಊಟಕ್ಕೆ ಎಲೆ ಹಾಕುತ್ತಿದ್ದಾರೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ವರದಿ ಬಂದರೂ ಓದಲು ತೊಡಕೆನಿಸುವವರು ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಗ್ಗೆ ಸಂಘದ ವಾಚನಾಲಯಕ್ಕೆ ಬರಬಹುದು. ನಾವು ಮತ್ತು ನಮ್ಮ ಇಬ್ಬರು ಮಿತ್ರರು ಅಲ್ಲಿರುತ್ತೇವೆ. ಪ್ಯಾನ್ ಕಾರ್ಡನ್ನೂ ನಿಮ್ಮ ಸ್ವಂತ ಮೊಬೈಲನ್ನೂ ತನ್ನಿ. ಅದರಲ್ಲಿ ಬರುವ ಒ.ಟಿ.ಪಿ.ಯನ್ನು ಮಾತ್ರ ನೀವೇ ಒತ್ತಿಕೊಳ್ಳಿ, ನಮಗೂ ಹೇಳಬೇಡಿ.